ಆರೈಕೆಗೆ ಬಂದವರ ಕೈ ನೋಡಿ, ಆಮೇಲೆ ಮಾತು ಕೇಳಿ

ಸೋಮವಾರಪೇಟೆ ಹತ್ತಿರದ ನಮ್ಮ ತೋಟದ ಮನೆಯಲ್ಲಿ ಅತ್ತೆ ಸ್ಟ್ರೋಕ್ ಆಗಿ ಮೂರು ವರ್ಷ ಮಲಗಿದ್ದರು. ಮೊದಲು ಒಂದು ಏಜೆನ್ಸಿಯಿಂದ ಹುಡುಗಿಯೊಬ್ಬಳನ್ನು ಕರೆಸಿದೆವು. ಟ್ರೈನಿಂಗ್ ಆದ ನರ್ಸ್ ಅಂದಿದ್ದರು, ನಂಬಿದೆವು. ಹನ್ನೆರಡನೇ ದಿನ ನಾನೇ ಮೈ ಒರೆಸುವಾಗ ನೋಡಿದರೆ ಸೊಂಟದ ಕೆಳಗೆ ಹುಣ್ಣಾಗಿತ್ತು. ಮಗ್ಗಲು ಬದಲಿಸಬೇಕು ಅಂತ ಆ ಹುಡುಗಿಗೆ ಯಾರೂ ಹೇಳಿಕೊಟ್ಟೇ ಇರಲಿಲ್ಲ. ಅವಳನ್ನು ಬೈದು ಏನು ಬಂತು? ಮೊದಲ ದಿನವೇ ನಾವು ವಿಚಾರಿಸಬೇಕಿತ್ತು. ನೀವು ವಿಚಾರಿಸಲಿ ಅಂತ ಇದನ್ನು ಬರೆಯುತ್ತಿದ್ದೇನೆ.

ನರ್ಸ್ ಬೇರೆ, ಕೇರ್‌ಟೇಕರ್ ಬೇರೆ. ಇಂಜೆಕ್ಷನ್, ಮೂಗಿನ ಪೈಪು, ಮೂತ್ರದ ಪೈಪು ಇದ್ದರೆ ನರ್ಸಿಂಗ್ ಓದಿದವರೇ ಬೇಕು. ಅವರಿಗೆ ನರ್ಸಿಂಗ್ ಕೌನ್ಸಿಲ್ಲಿನ ನೋಂದಣಿ ಇರುತ್ತದೆ. ಅದನ್ನು ಕೇಳಿ, ಆಧಾರ್ ಕಾರ್ಡಿನ ಹೆಸರಿನ ಜೊತೆ ತಾಳೆ ನೋಡಿ. ಸ್ನಾನ, ಊಟ, ಬಟ್ಟೆಗೆ ಕೇರ್‌ಟೇಕರ್ ಸಾಕು. ಏನೇನು ಕೆಲಸ, ರಜೆ ಹಾಕಿದರೆ ಬದಲಿ ಯಾರು ಅನ್ನುವುದನ್ನು ಏಜೆನ್ಸಿಯಿಂದ ಬರೆಸಿಕೊಳ್ಳಿ.

ಮೊದಲ ದಿನ ಪಕ್ಕದಲ್ಲೇ ನಿಂತು ನೋಡಿ. ರೋಗಿಯನ್ನು ಮುಟ್ಟುವ ಮುಂಚೆ ಸೋಪು ಹಾಕಿ ಕೈ ತೊಳೆದರಾ? ಮಗ್ಗಲು ಬದಲಿಸುವಾಗ ಎಳೆದರಾ, ಎತ್ತಿದರಾ? ಎಳೆದರೆ ಚರ್ಮ ಕೀಳುತ್ತದೆ. ಅಡಿಯಲ್ಲಿ ಮಡಿಸಿದ ಬೆಡ್‌ಶೀಟ್ ಹಾಕಿ ಇಬ್ಬರು ಹಿಡಿದರೆ ಸುಲಭ. ಸ್ಟ್ರೋಕ್ ಆದವರ ಸೋತ ಕೈ ಹಿಡಿದು ಎಬ್ಬಿಸಲೇಬಾರದು, ಭುಜ ಜಾರುತ್ತದೆ. ಸುಮಾರು ಎರಡು ಗಂಟೆಗೊಮ್ಮೆ ಮಗ್ಗಲು ಬದಲಾಗಬೇಕು, ರಾತ್ರಿ ಕೂಡ. ಬೆನ್ನು, ಸೊಂಟ, ಹಿಮ್ಮಡಿ ದಿನಾ ನೋಡಿ. ಕೆಂಪಾದ ಜಾಗವನ್ನು ಬೆರಳಿಂದ ಒತ್ತಿ ಬಿಟ್ಟಾಗ ಬೆಳ್ಳಗಾಗದಿದ್ದರೆ ಅದು ಹುಣ್ಣಿನ ಶುರು. ಎಣ್ಣೆ ಹಾಕಿ ತಿಕ್ಕಬೇಡಿ. ನಾವು ತಿಕ್ಕಿದೆವು, ಜಾಸ್ತಿಯಾಯಿತು.

ಊಟ ಮಾಡಿಸುವುದು ಇನ್ನೊಂದು ಪರೀಕ್ಷೆ. ಮಲಗಿಸಿಕೊಂಡೇ ಗಂಜಿ ಹಾಕುವವರು ನಿಮಗೆ ಬೇಡ. ನೆಟ್ಟಗೆ ಕೂರಿಸಬೇಕು, ಚಿಕ್ಕ ಚಮಚ, ಒಂದು ತುತ್ತು ನುಂಗಿದ ಮೇಲೆ ಇನ್ನೊಂದು. ಆಮೇಲೂ ಅರ್ಧ ಗಂಟೆ ಕೂತೇ ಇರಲಿ. ಸ್ಟ್ರೋಕ್ ಆದವರಿಗೆ ಗಟ್ಟಿ ಗಂಜಿಗಿಂತ ನೀರೇ ಬೇಗ ನೆತ್ತಿಗೇರುತ್ತದೆ. ಕೆಮ್ಮು ಬಂದರೆ ನಿಲ್ಲಿಸಿ, ಡಾಕ್ಟರಿಗೆ ಹೇಳಿ.

ಇನ್ನು ನಮ್ಮ ಮಳೆಗಾಲ. ಜೂನ್ ಬಂದರೆ ಕರೆಂಟು ದಿನಗಟ್ಟಲೆ ಇರುವುದಿಲ್ಲ, ರಸ್ತೆಗೆ ಮರ ಬೀಳುತ್ತದೆ. ಆಕ್ಸಿಜನ್ ಮಿಷನ್ ಇದ್ದರೆ ತುಂಬಿದ ಸಿಲಿಂಡರ್ ಒಂದು ಮನೆಯಲ್ಲೇ ಇರಲಿ. ಕರೆಂಟಿಲ್ಲದೆ ಗಾಳಿ ಹಾಸಿಗೆ ಇಳಿದುಹೋದರೆ ಮಗ್ಗಲು ಬದಲಿಸುವುದನ್ನು ತಪ್ಪಿಸಲೇಬೇಡಿ. ಹತ್ತು ದಿನದ ಮಾತ್ರೆ ಹೆಚ್ಚಿಗೆ ಇಡಿ. 108ಕ್ಕೆ ಮನೆ ದಾರಿ ಹೇಳುವುದನ್ನು ಆರೈಕೆಯವರಿಗೆ ಬಾಯಿಪಾಠ ಮಾಡಿಸಿ, ಅವರಿಗೆ ನಮ್ಮ ಊರು ಗೊತ್ತಿರುವುದಿಲ್ಲ ಅಲ್ವಾ.

ಚಳಿ ಅಂತ ಬಾಣಲೆಯಲ್ಲಿ ಕೆಂಡ ತುಂಬಿ ರೋಗಿಯ ರೂಮಿನಲ್ಲಿಟ್ಟು ಬಾಗಿಲು ಹಾಕುವ ರೂಢಿ ನಮ್ಮಲ್ಲಿತ್ತು. ದಯವಿಟ್ಟು ಬೇಡ. ಅದರಿಂದ ಬರುವ ಕಾರ್ಬನ್ ಮೊನಾಕ್ಸೈಡಿಗೆ ವಾಸನೆ ಇಲ್ಲ, ನಿದ್ದೆಯಲ್ಲೇ ಜೀವ ಹೋಗಬಹುದು. ಕಂಬಳಿ, ಕಾಲುಚೀಲ ಸಾಕು. ಹಂಡೆ ನೀರನ್ನು ಮೊಣಕೈ ಅದ್ದಿ ನೋಡಿಯೇ ಸ್ನಾನ ಮಾಡಿಸಲಿ.

ಮಂಚದ ಪಕ್ಕ ಒಂದು ನೋಟ್‌ಬುಕ್ ಕಟ್ಟಿ. ಮಗ್ಗಲು ಬದಲಿಸಿದ ಹೊತ್ತು, ಮಾತ್ರೆ, ಊಟ, ಮೂತ್ರ, ಮಲ ಎಲ್ಲ ಅದರಲ್ಲಿ ಬರೆಯಲಿ. ಬೆಂಗಳೂರಿನಲ್ಲಿರುವ ಮಕ್ಕಳಿಗೆ ಸಂಜೆ ಆ ಪುಟದ ಫೋಟೋ ಕಳಿಸಿದರೆ ಫೋನಿನಲ್ಲಿ ನೂರು ಸಲ ಕೇಳುವುದು ತಪ್ಪುತ್ತದೆ.

ವಾರಕ್ಕೊಮ್ಮೆ ಆರೈಕೆಯವರು ಇಲ್ಲದಾಗ ಹಿರಿಯರ ಹತ್ತಿರ ಕೂತು ಮಾತಾಡಿಸಿ. ಮೈಮೇಲೆ ಕಂದಿದ ಗುರುತು ಇದ್ದರೆ, ಆರೈಕೆಯವರ ಹೆಸರು ಕೇಳಿದರೇ ಮುದುಡಿಕೊಂಡರೆ ಸುಮ್ನೆ ಇರಬೇಡಿ. ಹಿರಿಯರ ಸಹಾಯವಾಣಿ 14567.

ಆರೈಕೆಯವರ ನಿದ್ದೆಯ ಬಗ್ಗೆಯೂ ಯೋಚಿಸಿ. ಹಗಲು ರಾತ್ರಿ ಒಬ್ಬರೇ ಆದರೆ ಮಾತ್ರೆ ತಪ್ಪುವುದು ಖಂಡಿತ. ಆ ಹುಡುಗಿಯ ನಂತರ ಆರೈಕೆಗೆ ಬಂದ ಅಕ್ಕನಿಗೆ ಮಧ್ಯಾಹ್ನ ಮೂರು ಗಂಟೆ ಹೊತ್ತು ಮಲಗಲು ಬಿಡುತ್ತಿದ್ದೆವು, ರಾತ್ರಿ ಒಂದು ಸರದಿ ನನ್ನದು. ಅತ್ತೆಯ ಹುಣ್ಣು ಮಾಯಲು ನಾಲ್ಕು ತಿಂಗಳು ಹಿಡಿಯಿತು. ಮತ್ತೆ ಬರಲಿಲ್ಲ.