ಮಳೆ ತಿಂದ ಡೆಕ್ ರಿಪೇರಿ, ನಾನು ಮಾಡ್ಕೊಂಡಿದ್ದು ಹೀಗೆ

ಕೊಡಗಿನ ಕಕ್ಕಬ್ಬೆ ಕಡೆ ಮನೆ ಹಿಂದೆ ಮರದ ಡೆಕ್, ಅಂದ್ರೆ ಹಲಗೆ ಹಾಸಿದ ಜಗುಲಿ ಇದ್ರೆ ಜೂನಿಂದ ಸೆಪ್ಟೆಂಬರ್ ತನಕ ಅದು ಒಣಗೋ ಮಾತೇ ಇಲ್ಲ, ಆಮೇಲೆ ಬಿಸಿಲಿಗೆ ಬೂದಿ ಬಣ್ಣ, ಸಂದೀಲೆಲ್ಲ ಪಾಚಿ. ನೋಡಿದವ್ರೆಲ್ಲ ಕಿತ್ತಾಕಿ ಟೈಲ್ಸ್ ಹಾಕ್ಸಿ ಅಂದ್ರು. ಆದ್ರೆ ಬೂದಿ ಆದ ತಕ್ಷಣ ಮರ ಹೋಯ್ತು ಅಂತಲ್ಲ, ಮೇಲಿನ ತೆಳು ಪದರ ಅಷ್ಟೇ ಕೆಟ್ಟಿರುತ್ತೆ. ಸ್ಕ್ರೂಡ್ರೈವರ್ ತಗೊಂಡು ಹಲಗೆ ತುದಿ, ಸ್ಕ್ರೂ ಸುತ್ತ, ಹಲಗೆ ಹೊರೋ ಅಡಿಪಟ್ಟಿ ಮೇಲೆ ಕೂರೋ ಜಾಗ ಎಲ್ಲ ಚುಚ್ಚಿ ನೋಡ್ದೆ. ಹೊನ್ನೆ ಹಲಗೆಗಳು ಕಲ್ಲಿನಂಗೆ ಇದ್ವು, ಮಧ್ಯೆ ಯಾರೋ ಸೇರ್ಸಿದ್ದ ಸಿಲ್ವರ್ ಓಕ್ ಮಾತ್ರ ಪುಡಿಪುಡಿ. ಮೆಣಸಿನ ಬಳ್ಳಿ ಹಬ್ಬಿಸೋಕೆ ಸಿಲ್ವರ್ ಓಕ್ ಸರಿ, ಮಳೇಲಿ ಬಾಳೋ ಮರ ಅಲ್ಲ ಅದು.

ಟೈಮ್ ಮುಖ್ಯ. ಕಾಫಿ ಕೊಯ್ಲಿನ ಗಡಿಬಿಡಿ ಇಳಿದು ಹೂಮಳೆ (ಕಾಫಿ ಹೂ ಅರಳಿಸೋ ಬೇಸಿಗೆ ಮಳೆ) ಬೀಳೋದ್ರೊಳಗೆ, ಅಂದ್ರೆ ಫೆಬ್ರವರಿ ಹೊತ್ತಿಗೆ ಮುಗಿಸ್ಬೇಕು, ಒಳಗೆ ಪಸೆ ಇರೋ ಮರ ಎಣ್ಣೆ ಕುಡಿಯಲ್ಲ.

ಕೆಟ್ಟ ಹಲಗೆ ತೆಗ್ದು ಹೊನ್ನೆನೇ ಹಾಕ್ದೆ, ನಡುವೆ 5 ಮಿಲಿಮೀಟರ್ ಸಂದಿ, ಸ್ಕ್ರೂ 304 ಸ್ಟೇನ್‌ಲೆಸ್, ಮಾಮೂಲಿ ಕಬ್ಬಿಣದ್ದು ತುಕ್ಕು ಹಿಡಿದು ಮರಕ್ಕೂ ಕಪ್ಪು ಕಲೆ ಮಾಡುತ್ತೆ. ಪಾಚಿ ತೆಗೆಯೋಕೆ ಪ್ರೆಷರ್ ವಾಷರ್ ಬಾಡಿಗೆಗೆ ಸಿಗುತ್ತೆ ಆದ್ರೆ ಹತ್ರದಿಂದ ಬಿಟ್ರೆ ಮರದ ನಾರು ಎದ್ಬಿಡುತ್ತೆ, ನಾನು ಬ್ರಷ್ಷಲ್ಲೇ ಉಜ್ಜಿದ್ದು. ಬೂದಿ ಬಣ್ಣಕ್ಕೆ ಆಕ್ಸಾಲಿಕ್ ಆಸಿಡ್, ಪ್ಲಾಸ್ಟಿಕ್ ಬಕೆಟ್ಟಲ್ಲಿ 3 ಲೀಟರ್ ಬೆಚ್ಚಗಿನ ನೀರಿಗೆ 100 ಗ್ರಾಂ, ಕೈಗೆ ಗ್ಲೌಸ್ ಕಣ್ಣಿಗೆ ಕನ್ನಡಕ, ಸ್ವಲ್ಪ ಹೊತ್ತು ಬಿಟ್ಟು ಚೆನ್ನಾಗಿ ತೊಳೆದ್ರೆ ಮರದ ಬಣ್ಣ ವಾಪಸ್ ಬರುತ್ತೆ, ಅದು ನೋಡೋಕೇ ಖುಷಿ. ಪೂರ್ತಿ ಒಣಗಿದ್ಮೇಲೆ 60 ನಂಬರ್, ಆಮೇಲೆ 80 ನಂಬರ್ ಉಪ್ಪುಕಾಗದ, ಅಷ್ಟಕ್ಕೇ ನಿಲ್ಲಿಸ್ಬೇಕು, ತೀರಾ ನುಣುಪಾದ್ರೆ ಎಣ್ಣೆ ಒಳಗೆ ಹೋಗಲ್ಲ.

ಆಚಾರಿ ವಾರ್ನಿಶ್ ಹೊಡೀರಿ ಫಳಫಳ ಅನ್ನುತ್ತೆ ಅಂದ್ರು. ನಾನು ಒಪ್ಪಲಿಲ್ಲ. ವಾರ್ನಿಶ್ ಮೇಲೆ ಪೊರೆ ಕಟ್ಟುತ್ತೆ, ಮರ ಹಿಗ್ಗಿ ಕುಗ್ಗಿದಾಗ ಪೊರೆ ಬಿರಿದು ನೀರು ಅಡಿಗೆ ಹೋಗಿ ಅಲ್ಲೇ ಕೂರುತ್ತೆ, ಮುಂದಿನ ವರ್ಷ ಎಲ್ಲ ಕೆರೆಯೋ ಕೆಲಸ ಬೇರೆ. ಬರೀ ಅಗಸೆ ಎಣ್ಣೆನೂ ನಮ್ಮ ಮಳೆಗೆ ಆಗಲ್ಲ, ಬೂಷ್ಟು ಹಿಡಿದು ಕಪ್ಪಾಗುತ್ತೆ. ಹಾಗಾಗಿ ಬೂಷ್ಟು ನಿರೋಧಕ ಸೇರಿರೋ, ಸ್ವಲ್ಪ ಬಣ್ಣ ಇರೋ ಡೆಕ್ ಆಯಿಲ್ ತಂದೆ, ಬಣ್ಣ ಇದ್ರೇನೇ ಬಿಸಿಲು ತಡೆಯೋದು. ತೆಳ್ಳಗೆ ಹೊಡ್ದು, ಕುಡಿಯದೆ ಉಳಿದಿದ್ದನ್ನ ಬಟ್ಟೇಲಿ ಒರೆಸಿ, ಒಣಗಿದ್ಮೇಲೆ ಇನ್ನೊಂದು ಕೋಟ್. ಹಲಗೆ ಕೊಯ್ದ ತುದಿಗಳಿಗೆ ಜಾಸ್ತಿ ಕುಡಿಸ್ಬೇಕು, ನೀರು ನುಗ್ಗೋದೇ ಅಲ್ಲಿಂದ. ಕಾಣದ ಅಡಿಪಟ್ಟಿಗಳಿಗೆ ಗೇರೆಣ್ಣೆ, ಅಂದ್ರೆ ಗೋಡಂಬಿ ಸಿಪ್ಪೆಯಿಂದ ತೆಗೆಯೋ ಎಣ್ಣೆ, ಮೈಗೆ ತಾಗಿದ್ರೆ ಸುಡುತ್ತೆ ಹುಷಾರು.

ಎಣ್ಣೆ ಒರೆಸಿದ ಬಟ್ಟೆನ ಮುದ್ದೆ ಮಾಡಿ ಕಾಫಿ ಗೋಡೌನ್ ಮೂಲೇಲಿ ಎಸೀಬೇಡಿ, ತಾನಾಗೇ ಬಿಸಿಯಾಗಿ ಬೆಂಕಿ ಹತ್ಕೊಳ್ಳುತ್ತೆ, ನೀರಲ್ಲಿ ಅದ್ದಿ ಹೊರಗೆ ಒಂದೊಂದೇ ಹರವಿ ಒಣಗಿಸಿ.