ಹಿಂದಿನ ಬೆಂಚಿನಲ್ಲಿ ಕೂತ ಮೇಡಂ

ನಾನು ಚಿತ್ರದುರ್ಗದ ಪದವಿ ಕಾಲೇಜೊಂದರಲ್ಲಿ ಅರ್ಥಶಾಸ್ತ್ರದ ಮೇಷ್ಟ್ರು. ಮೇಷ್ಟ್ರುಗಳಿಗೆಂದೇ ಇರುವ ತರಬೇತಿಗಳಲ್ಲಿ ಓರಿಯೆಂಟೇಶನ್ ಆಯಿತು, ಎರಡು ವಾರದ ರಿಫ್ರೆಶರ್ ಕೋರ್ಸೂ ಆಯಿತು. ಬಡ್ತಿಗೆ ಇವು ಬೇಕೇ ಬೇಕು. ಇವನ್ನು ನಡೆಸುವ, ಒಂದು ಕಾಲಕ್ಕೆ ಅಕಾಡೆಮಿಕ್ ಸ್ಟಾಫ್ ಕಾಲೇಜು ಅಂತಿದ್ದ ಕೇಂದ್ರಗಳಿಗೆ 2023ರಿಂದ ಮಾಳವೀಯ ಮಿಷನ್ ಹೆಸರಿದೆ. ಅಲ್ಲಿ ಒಳ್ಳೆಯ ಉಪನ್ಯಾಸ ಕೇಳಿದ್ದೇನೆ, ಬೇರೆ ಊರಿನ ಗೆಳೆಯರು ಸಿಕ್ಕಿದ್ದಾರೆ. ಆದರೆ ನನ್ನ ಕ್ಲಾಸಿನಲ್ಲಿ ಕೂತು ನನ್ನ ಪಾಠ ಹೇಗಿದೆ ಅಂತ ಹೇಳಿದವರು ಯಾರೂ ಇರಲಿಲ್ಲ.

ಕೊನೆಗೆ ನಾನೇ ವಾಣಿಜ್ಯ ವಿಭಾಗದ ಮೇಡಂ ಅವರನ್ನು ಕೇಳಿದೆ. "ಮೇಡಂ, ಒಂದು ಪೀರಿಯಡ್ ನನ್ನ ಕ್ಲಾಸಿಗೆ ಬಂದು ಹಿಂದೆ ಕೂತ್ಕೊಳ್ತೀರಾ? ಚೆನ್ನಾಗಿತ್ತು ಅಂತ ಹೇಳ್ಬೇಡಿ. ಕಂಡಿದ್ದನ್ನು ಸುಮ್ನೆ ಬರೆದು ಕೊಡಿ."

ಅವತ್ತಿನ ಪಾಠ ಬೇಡಿಕೆಯ ಸ್ಥಿತಿಸ್ಥಾಪಕತ್ವ, ಅಂದರೆ ಬೆಲೆ ಏರಿಳಿದಾಗ ಜನ ಕೊಳ್ಳುವುದು ಎಷ್ಟು ಹೆಚ್ಚುಕಮ್ಮಿ ಆಗುತ್ತದೆ ಎಂಬುದು. ಸಂಜೆ ಮೇಡಂ ಒಂದು ಹಾಳೆ ಕೊಟ್ಟರು. ನಾನು ಕೇಳಿದ ಒಂದೊಂದು ಪ್ರಶ್ನೆಗೂ ಒಂದು ಗೀಟು, ಉತ್ತರವನ್ನೂ ನಾನೇ ಹೇಳಿದ್ದರೆ ಅದರ ಸುತ್ತ ಸೊನ್ನೆ. ಗೀಟು ಹದಿನಾಲ್ಕು, ಸೊನ್ನೆ ಹನ್ನೊಂದು. ಆ ಹಾಳೆ ಇನ್ನೂ ನನ್ನ ಟೇಬಲ್ಲಿನ ಗಾಜಿನ ಕೆಳಗಿದೆ.

ಮೇರಿ ಬಡ್ ರೋ ಎಂಬ ಅಮೆರಿಕದ ಸಂಶೋಧಕಿ ಇದನ್ನು 1970ರ ದಶಕದಲ್ಲೇ ಹೇಳಿದ್ದರು. ಪ್ರಶ್ನೆ ಕೇಳಿದ ಮೇಷ್ಟ್ರು ಸಾಮಾನ್ಯವಾಗಿ ಒಂದು ಸೆಕೆಂಡಷ್ಟೇ ಕಾಯುತ್ತಾರೆ. ಮೂರು ಸೆಕೆಂಡ್ ಕಾದರೆ ಮಕ್ಕಳ ಉತ್ತರ ಉದ್ದವಾಗುತ್ತದೆ, ಸುಮ್ಮನಿರುವವರೂ ಬಾಯಿ ಬಿಡುತ್ತಾರೆ.

ಮೂರು ಸೆಕೆಂಡ್ ಅಂದರೆ ಏನು ಮಹಾ ಅನಿಸುತ್ತದೆ, ಅಲ್ವಾ? ಅರವತ್ತು ಮಕ್ಕಳ ಎದುರು ಬಾಯಿ ಮುಚ್ಚಿ ನಿಂತಾಗಲೇ ಅದರ ಕಷ್ಟ ಗೊತ್ತಾಗುವುದು. ಚಾಕ್‌ಪೀಸನ್ನು ಮೇಜಿನ ಮೇಲಿಟ್ಟು, ಕೈ ಕಟ್ಟಿಕೊಂಡು, ಮನಸ್ಸಿನಲ್ಲೇ ಐದರವರೆಗೆ ಎಣಿಸುವುದು ರೂಢಿಯಾಗಲು ಒಂದು ಸೆಮಿಸ್ಟರೇ ಹಿಡಿಯಿತು.

ಮುಂದಿನ ವರ್ಷ ಅದೇ ಪಾಠ. ಪುಸ್ತಕದ ಕಾಫಿ–ಟೀ ಉದಾಹರಣೆ ಬಿಟ್ಟು ನಮ್ಮ ಜಿಲ್ಲೆಯ ಈರುಳ್ಳಿ ತಗೊಂಡೆ. "ಬೆಳೆ ಚೆನ್ನಾಗಿ ಬಂದ ವರ್ಷವೇ ರೈತನ ಕೈಗೆ ದುಡ್ಡು ಕಮ್ಮಿ ಬರೋದು ಯಾಕೆ?" ಕೇಳಿ ಸುಮ್ಮನೆ ನಿಂತೆ.

ಹಿರಿಯೂರು ಕಡೆಯಿಂದ ಬಸ್ಸಿನಲ್ಲಿ ಬರುವ, ಎಂದೂ ಮಾತಾಡದ ಹುಡುಗ ಎದ್ದ. "ರೇಟು ಇಳೀತು ಅಂತ ಯಾರೂ ಎರಡರಷ್ಟು ಈರುಳ್ಳಿ ತಿನ್ನಲ್ಲ ಸರ್."

ಸ್ಥಿತಿಸ್ಥಾಪಕತ್ವ ಕಡಿಮೆ ಇರುವ ಬೇಡಿಕೆ ಅಂದರೆ ಇದೇ. ಬೋರ್ಡಿನ ಮೇಲೆ ಅವನ ಮಾತನ್ನೇ ಬರೆದು, ಅದರ ಕೆಳಗೆ ಸೂತ್ರ ಹಾಕಿದೆ. ಬೆಲ್ ಹೊಡೆದರೂ ಅವನು ಕೂರಲಿಲ್ಲ. "ಹಾಗಾದ್ರೆ ಸರ್, ಎಲ್ಲರೂ ಮಾತಾಡ್ಕೊಂಡು ಕಮ್ಮಿ ಬೆಳೆದ್ರೆ?"