ಪ್ರದರ್ಶನ ಪಂದ್ಯಕ್ಕೆ ಆಟಗಾರರನ್ನು ಇಳಿಸುವ ಮುನ್ನ

ಬ್ಯಾಸ್ಕೆಟ್‌ಬಾಲ್ ತಂಡದ ಫಿಟ್‌ನೆಸ್ ನೋಡಿಕೊಳ್ಳುವ ನಾನು ಪ್ರದರ್ಶನ ಪಂದ್ಯವಿದ್ದ ದಿನ ಮೊದಲು ನೋಡುವುದು ಅಂಗಣವನ್ನು, ಆಟಗಾರರನ್ನಲ್ಲ. ಲೀಗ್‌ನ ಅಂಗಣಗಳು ಕಾಲಿಗೆ ಪಳಗಿರುತ್ತವೆ. ಇಂಥ ಪಂದ್ಯಗಳೋ ಎಲ್ಲೆಂದರಲ್ಲಿ, ಎಷ್ಟೋ ಸಲ ತಾತ್ಕಾಲಿಕವಾಗಿ ಜೋಡಿಸಿದ ಹಲಗೆಗಳ ಮೇಲೆ ನಡೆಯುತ್ತವೆ. 2014ರ ಆಗಸ್ಟ್ 1ರಂದು ಲಾಸ್ ವೇಗಸ್‌ನಲ್ಲಿ ಅಮೆರಿಕ ತಂಡದವರೇ ಎರಡು ಪಾಳಯವಾಗಿ ಆಡುತ್ತಿದ್ದಾಗ, ಜೇಮ್ಸ್ ಹಾರ್ಡನ್‌ರ ಶಾಟ್ ತಡೆಯಲು ಜಿಗಿದ ಪಾಲ್ ಜಾರ್ಜ್ ಅವರ ಬಲಗಾಲು ಬುಟ್ಟಿ ಹೊತ್ತ ಕಂಬದ ಬುಡಕ್ಕೆ ಸಿಕ್ಕಿ ಮುರಿಯಿತು. ಅವರು ಮತ್ತೆ ಎನ್‌ಬಿಎ (ಅಮೆರಿಕದ ವೃತ್ತಿಪರ ಲೀಗ್) ಪಂದ್ಯ ಆಡಿದ್ದು 2015ರ ಏಪ್ರಿಲ್‌ನಲ್ಲಿ.

ಹಾಗಾಗಿ ಪಂದ್ಯಕ್ಕೆ ಮೂರು ಗಂಟೆ ಮೊದಲೇ ಅಳತೆ ಟೇಪ್ ಹಿಡಿದು ಹೋಗುತ್ತೇನೆ. ಎಂಡ್‌ಲೈನಿನಿಂದ, ಅಂದರೆ ಬುಟ್ಟಿಯ ಹಿಂದಿನ ಗೆರೆಯಿಂದ, ಕಂಬದ ಬುಡಕ್ಕೆ ಕನಿಷ್ಠ 2 ಮೀಟರ್ ಇರಬೇಕು, ಬುಡಕ್ಕೆ ಪ್ಯಾಡ್ ಸುತ್ತಿರಬೇಕು. ಗೆರೆಯಾಚೆಯ ಆ 2 ಮೀಟರ್ ಜಾಗದಲ್ಲಿ ಫೋಟೊಗ್ರಾಫರ್‌ಗಳು, ಜಾಹೀರಾತು ಫಲಕಗಳು ಬಂದು ಕೂತಿರುತ್ತವೆ. ಇದನ್ನು ತೆರವು ಮಾಡಿಸಲು ಜಗಳವಾಡಬೇಕಾದರೆ ಆಡಿ. ಹಲಗೆಗಳ ಸಂದುಗಳ ಮೇಲೆ ಬರಿಗಾಲಲ್ಲಿ ನಡೆಯಿರಿ, ಏರುತಗ್ಗು ಕಣ್ಣಿಗಿಂತ ಮೊದಲು ಅಂಗಾಲಿಗೆ ಗೊತ್ತಾಗುತ್ತದೆ. ಪ್ರಾಯೋಜಕರ ಸ್ಟಿಕರ್ ಮೇಲೆ ಶೂ ಹಾಕಿಕೊಂಡು ಓಡಿ, ತಟ್ಟನೆ ನಿಂತು ನೋಡಿ. ಬೆವರು ಬಿದ್ದಾಗ ಮೊದಲು ಜಾರುವುದು ಅಲ್ಲೇ. ಜನ ತುಂಬಿದ ಮೇಲೆ ಸೆಕೆಗೆ ನೆಲ ಪಸೆಯಾಗುತ್ತದೆ. ಅಂಗೈ ಒತ್ತಿದಾಗ ತೇವ ಅಂಟಿದರೆ ಆಟ ನಿಲ್ಲಿಸಲು ಹೇಳಬೇಕು. 2022ರ ಆಗಸ್ಟ್‌ನಲ್ಲಿ ಸಿಯಾಟಲ್‌ನ ಪಂದ್ಯವೊಂದು ನೆಲದ ತೇವದಿಂದಲೇ ಅರ್ಧಕ್ಕೆ ನಿಂತಿತು. ಅದೇ ಪಂದ್ಯದಲ್ಲಿ ಪಾದಕ್ಕೆ ಪೆಟ್ಟಾದ ಎನ್‌ಬಿಎ ಆಟಗಾರ ಚೆಟ್ ಹೋಮ್‌ಗ್ರೆನ್ ಇಡೀ 2022-23ರ ಸೀಸನ್ ಕಳೆದುಕೊಂಡರು. ಪೆಟ್ಟಿಗೆ ತೇವವೇ ಕಾರಣವೆಂದು ಹೇಳಲಾಗದು, ಆದರೆ ಅಂಥ ನೆಲದ ಮೇಲೆ ನಾನು ಯಾರನ್ನೂ ಇಳಿಸುವುದಿಲ್ಲ.

ಇನ್ನು ನಿಮಿಷಗಳ ಲೆಕ್ಕ. ರಜೆ ಮುಗಿಸಿ ಬಂದವರಿಗೆ ಮೊದಲ ಪಂದ್ಯದಲ್ಲಿ 12ರಿಂದ 16 ನಿಮಿಷ, ಅದೂ ನಾಲ್ಕೈದು ನಿಮಿಷದ ಕಂತುಗಳಲ್ಲಿ. ಮುಂದಿನದರಲ್ಲಿ 20ರ ಆಸುಪಾಸು, ಕೊನೆಯದರಲ್ಲಿ 25. ಎಡವಟ್ಟಾಗುವುದು ಸ್ಕೋರ್ ಸಮ ಬಂದಾಗ: ಕೋಚ್‌ಗೆ ಗೆಲ್ಲುವ ಹುಮ್ಮಸ್ಸು ಬಂದು ಲೆಕ್ಕ ಮರೆತುಹೋಗುತ್ತದೆ. 2019ರ ಅಕ್ಟೋಬರ್ 4ರಂದು ಮುಂಬೈಯಲ್ಲಿ ಎನ್‌ಬಿಎಯ ಪೇಸರ್ಸ್ ತಂಡ ಕಿಂಗ್ಸ್ ತಂಡವನ್ನು 132-131ರಿಂದ ಸೋಲಿಸಿದ್ದು ಓವರ್‌ಟೈಮ್‌ನಲ್ಲಿ, ಅಂದರೆ ಸ್ಕೋರ್ ಸಮವಾಗಿ ಆಡಿಸಿದ ಹೆಚ್ಚುವರಿ ಅವಧಿಯಲ್ಲಿ. ಅದೂ ಪ್ರದರ್ಶನ ಪಂದ್ಯವೇ. ಆದ್ದರಿಂದ ಓವರ್‌ಟೈಮ್‌ಗೆ ಇಳಿಯುವ ಐವರ ಹೆಸರನ್ನು ಮೊದಲೇ ಬರೆದಿಟ್ಟು ಕೋಚ್ ಕೈಗೆ ಕೊಟ್ಟಿರುತ್ತೇನೆ. ಎಂಟು-ಹತ್ತು ನಿಮಿಷಕ್ಕಿಂತ ಹೆಚ್ಚು ಬೆಂಚಿನಲ್ಲಿ ಕೂತವರು ಸೈಡ್‌ಲೈನ್ ಬಳಿ ಪಕ್ಕಹೆಜ್ಜೆ, ಒಂಟಿಕಾಲಿನ ನೆಗೆತ, ಎರಡು ಸಣ್ಣ ಓಟ ಮುಗಿಸಿಯೇ ಒಳಗೆ ಹೋಗಬೇಕು.

ಬ್ಯಾಸ್ಕೆಟ್‌ಬಾಲ್‌ನಲ್ಲಿ ಅತಿ ಹೆಚ್ಚು ಕಾಣುವ ಪೆಟ್ಟು ಕಾಲು ಉಳುಕುವುದು, ಸಾಮಾನ್ಯವಾಗಿ ಇನ್ನೊಬ್ಬರ ಪಾದದ ಮೇಲೆ ಇಳಿದಾಗ. ಹಿಂದೆ ಉಳುಕಿಸಿಕೊಂಡವರಿಗೆ ಲೇಸ್ ಬಿಗಿಯುವ ಬ್ರೇಸ್ (ಪಾದದ ಗಂಟಿಗೆ ಆಸರೆಯ ಪಟ್ಟಿ) ಕೊಡುತ್ತೇನೆ. ಕಾಲಿಗೆ ಸುತ್ತುವ ಟೇಪ್ ಅರ್ಧ ಗಂಟೆ ಆಡುವಷ್ಟರಲ್ಲಿ ಸಡಿಲವಾಗುತ್ತದೆ, ಬ್ರೇಸನ್ನಾದರೆ ಹಾಫ್‌ಟೈಮ್‌ನಲ್ಲಿ ಮತ್ತೆ ಬಿಗಿಯಬಹುದು.

ಆಟದ ಗುಣಮಟ್ಟವನ್ನು ಪಾಯಿಂಟ್‌ಗಳಿಂದ ಅಳೆಯಲು ಹೋಗಬೇಡಿ. 2024ರ ಎನ್‌ಬಿಎ ಆಲ್‌ಸ್ಟಾರ್ ಪಂದ್ಯ, ಅಂದರೆ ಲೀಗ್‌ನ ತಾರೆಯರ ಪ್ರದರ್ಶನ ಪಂದ್ಯ, 211-186ಕ್ಕೆ ಮುಗಿಯಿತು. ಡಿಫೆನ್ಸ್ ಇಲ್ಲದಾಗ ಸ್ಕೋರ್‌ಗೆ ಬೆಲೆಯಿಲ್ಲ. ರೀಬೌಂಡ್‌ಗೆ (ಬುಟ್ಟಿಗೆ ಬೀಳದೆ ಪುಟಿದ ಚೆಂಡು ಹಿಡಿಯಲು) ಎರಡನೇ ಸಲ ಎಷ್ಟು ಬೇಗ ನೆಗೆಯುತ್ತಾರೆ, ಚೆಂಡು ಕಳೆದುಕೊಂಡ ಮೇಲೆ ಹಿಂದಕ್ಕೆ ಓಡುತ್ತಾರೋ ನಡೆಯುತ್ತಾರೋ, ಇವೆರಡನ್ನು ನಾನು ಬರೆದುಕೊಳ್ಳುತ್ತೇನೆ. ಮಾರನೆಯ ಬೆಳಿಗ್ಗೆ ಕೈ ಸೊಂಟದ ಮೇಲಿಟ್ಟು ಮೂರು ನೆಗೆತ ಹಾಕಿಸುತ್ತೇನೆ. ಎತ್ತರ ಅವರವರ ಎಂದಿನ ಮಟ್ಟಕ್ಕಿಂತ ಹತ್ತನೇ ಒಂದು ಭಾಗ ಕುಸಿದಿದ್ದರೆ ಆ ದಿನ ಶೂಟಿಂಗ್ ಅಭ್ಯಾಸ ಮಾತ್ರ.